ಪಿ.ಟಿ. ಮಿಸ್‌ಗೂ ಗೊರಕೆ: ನನ್ನ ಸ್ಲೀಪ್ ಆಪ್ನಿಯಾ ಓಡಾಟ

ಸ್ಲೀಪ್ ಆಪ್ನಿಯಾ ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ. ಅದಕ್ಕೆ ರಾತ್ರಿ ಮೂಗಿಗೆ ಗಾಳಿ ಕೊಡುವ ಸಿಪ್ಯಾಪ್ ಮೆಷೀನಿನ ಕೊನೆ ಕಂತು ಹೋದ ವಾರ ಕಟ್ಟಿದೆ. ರಿಪೋರ್ಟು, ಬಿಲ್ಲು, ಇನ್ಶೂರೆನ್ಸಿನವರ ಪತ್ರ ಎಲ್ಲ ಒಂದು ಫೈಲಿಗೆ ಸೇರಿ ಬೀರು ಹತ್ತಿವೆ. ಮರೆಯೋ ಮುಂಚೆ ಬರೆದುಬಿಡೋಣ ಅನಿಸಿತು. ನನ್ನ ಹಾಗೆ ಸುಸ್ತು ಸುಸ್ತು ಅಂತ ಒಬ್ಬ ಡಾಕ್ಟರಿಂದ ಇನ್ನೊಬ್ಬರ ಹತ್ತಿರ ತಿರುಗುತ್ತಿರುವವರಿಗೆ, ಅದರಲ್ಲೂ ಹೆಂಗಸರಿಗೆ, ಸ್ವಲ್ಪ ದಾರಿ ಕಂಡರೆ ಸಾಕು.

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ವಯಸ್ಸು 47. ಕಾಲೇಜಿನಲ್ಲಿದ್ದಾಗ ಕೊಕ್ಕೊ ಆಡಿದವಳು. ಮೇಷ್ಟ್ರಾದ ಮೇಲೂ ಮಕ್ಕಳ ಜೊತೆ ಅಂಕಣಕ್ಕೆ ಇಳಿಯುವ ಚಟ ಬಿಟ್ಟಿರಲಿಲ್ಲ. ಒಂದೆರಡು ವರ್ಷದ ಹಿಂದೆ ಅದು ತಾನಾಗೇ ನಿಂತುಹೋಯಿತು. ವಾರ್ಮಪ್‌ಗೆ ಮೈದಾನ ಒಂದು ಸುತ್ತು ಹಾಕಿದರೆ ಎದೆ ಢವಢವ ಅನ್ನುತ್ತಿತ್ತು. ಬೆಳಗ್ಗೆ ಎದ್ದಾಗ ತಲೆನೋವು, ಬಾಯೆಲ್ಲ ಒಣಗಿ ನಾಲಿಗೆ ಅಂಟಿಕೊಂಡಿರುತ್ತಿತ್ತು. ರಾತ್ರಿ ಮತ್ತೆ ಮತ್ತೆ ಬಚ್ಚಲಿಗೆ ಏಳಬೇಕು. ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ತುಂಬುವಾಗ ತೂಕಡಿಸಿ, ಪೆನ್ನು ಹೆಸರುಗಳ ಮೇಲೇ ಉದ್ದಕ್ಕೆ ಗೆರೆ ಎಳೆದುಕೊಂಡು ಹೋದದ್ದೂ ಇದೆ.

ಎಲ್ಲರ ಹತ್ತಿರವೂ ಉತ್ತರ ಇತ್ತು. ಅತ್ತೆ, "ಮುಟ್ಟು ನಿಲ್ಲೋ ಕಾಲ, ಹಿಂಗೇ ಆಗ್ತತಿ ಬಿಡವ್ವ" ಅಂದರು. ಗೆಳತಿಯರು ಥೈರಾಯ್ಡ್ ಅಂದರು. ರಕ್ತ ಕಡಿಮೆ ಇರಬೇಕು ಅಂದವರು ಹಲವರು. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿ12 ಎಲ್ಲ ಮಾಡಿಸಿದೆ. ಎಲ್ಲವೂ ಸರಿ ಇತ್ತು. ವಿಟಮಿನ್ ಡಿ ಕಡಿಮೆ ಅಂತ ಪುಡಿ ಪ್ಯಾಕೆಟ್ ಕೊಟ್ಟರು. ಬಿಪಿ ಮಾತ್ರ 146/92 ತೋರಿಸಿತು. ಮಾತ್ರೆ ಶುರುವಾಯಿತು.

ಸುಸ್ತಾದರೆ ಜಾಸ್ತಿ ಬೆವರಬೇಕು ಅನ್ನೋದು ನಮ್ಮ ಕಡೆಯವರ ತರಬೇತಿ. ಬೆಳಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್, ಸಂಜೆ ಜಿಮ್. ಬೆಣ್ಣೆದೋಸೆ ಬಿಟ್ಟೆ. ಸಂಜೆ ಮಂಡಕ್ಕಿ ಮಿರ್ಚಿ ಕಡೆ ತಿರುಗಿ ನೋಡಲಿಲ್ಲ. ದಾವಣಗೆರೆಯಲ್ಲಿದ್ದು ಇವೆರಡನ್ನೂ ಬಿಡೋದು ಎಂಥ ಕಷ್ಟ ಅಂತ ಇಲ್ಲಿಯವರಿಗೇ ಗೊತ್ತು. ಆದರೂ ತೂಕ ಏರಿತು. ಜಿಮ್ಮಿನ ಹುಡುಗ, "ಮೇಡಂ, ಮನಸ್ಸು ಗಟ್ಟಿ ಮಾಡ್ಕೋಬೇಕು" ಅಂದ. ಇಡೀ ಜೀವನ ಮಕ್ಕಳಿಗೆ ಅದನ್ನೇ ಹೇಳಿಕೊಂಡು ಬಂದವಳು ನಾನು.

ಮಧ್ಯೆ ಒಬ್ಬ ವೈದ್ಯರು ನಿದ್ದೆ ಸರಿ ಇಲ್ಲ ಅಂದಿದ್ದಕ್ಕೆ ನಿದ್ದೆ ಮಾತ್ರೆ ಬರೆದುಕೊಟ್ಟರು. ಗೊರಕೆ ಇದೆಯಾ ಅಂತ ಕೇಳಲಿಲ್ಲ. ಆ ಮಾತ್ರೆ ತಗೊಂಡ ದಿನಗಳಲ್ಲಿ ಬೆಳಗಿನ ತಲೆನೋವು ಇನ್ನೂ ಜೋರು. ಅಂಥ ಕೆಲವು ಮಾತ್ರೆ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡಬಹುದು, ಉಸಿರು ಕಟ್ಟೋದು ಹೆಚ್ಚಬಹುದು ಅಂತ ಆಮೇಲೆ ತಿಳಿಯಿತು. ಮದ್ಯಕ್ಕೂ ಇದೇ ಮಾತು. ನಿಮ್ಮ ಮನೆಯಲ್ಲಿ ಗೊರಕೆ ಹೊಡೆಯುವವರಿಗೆ ಯಾರಾದರೂ ನಿದ್ದೆ ಮಾತ್ರೆ ಬರೆದರೆ, ಗೊರಕೆ ವಿಷಯ ನೀವೇ ಬಾಯಿಬಿಟ್ಟು ಹೇಳಿ.

ಗೊರಕೆ ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯವರು ಎಷ್ಟೋ ತಿಂಗಳಿಂದ ಹಾಲ್‌ನಲ್ಲಿ ಮಲಗುತ್ತಿದ್ದರು. ಕೇಳಿದರೆ "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಅನ್ನೋರು. ಹೆಂಡತಿಗೆ ಗೊರಕೆ ಹೊಡೀತೀಯ ಅನ್ನೋದು ಹೇಗೆ ಅಂತ ಸಂಕೋಚವಂತೆ. ಗಂಡಸರು ಹೊಡೆದರೆ ನಗುತ್ತೇವೆ, ಹೆಂಗಸರು ಹೊಡೆದರೆ ಮುಚ್ಚಿಡುತ್ತೇವೆ.

ಬಯಲಾದದ್ದು ಚಿತ್ರದುರ್ಗದಲ್ಲಿ, ನಾದಿನಿ ಮನೆಯಲ್ಲಿ. ಮಗಳ ಪಕ್ಕ ಮಲಗಿದ್ದೆ. ಬೆಳಗ್ಗೆ ಎಲ್ಲರೂ ಕೋಟೆ ಹತ್ತಲು ಹೊರಟೆವು. ಏಕನಾಥೇಶ್ವರಿ ಗುಡಿವರೆಗೂ ಹೋಗಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಚಿಕ್ಕಂದಿನಲ್ಲಿ ಒಂದೇ ಉಸಿರಿಗೆ ಓಡಿ ಹತ್ತಿದ ಜಾಗ ಅದು. ಮಗಳು ಪಕ್ಕದಲ್ಲಿ ಕೂತು ಮೊಬೈಲ್ ತೆಗೆದಳು. "ಅಮ್ಮ, ಬೈಬೇಡ. ರಾತ್ರಿ ನಿನ್ನ ವಿಡಿಯೋ ಮಾಡಿದೀನಿ" ಅಂದಳು. ಗೊರಕೆ ಏರುತ್ತಾ ಹೋಗುತ್ತೆ, ಫಕ್ಕನೆ ನಿಲ್ಲುತ್ತೆ. ಎದೆ ಮೇಲೆ ಕೆಳಗೆ ಎಳೆದಾಡುತ್ತೆ, ಉಸಿರು ಮಾತ್ರ ಬರಲ್ಲ. ನೋಡುತ್ತಾ ನಾನೇ ಉಸಿರು ಹಿಡಿದಿದ್ದೆ. ಆಮೇಲೆ ಒಂದು ದೊಡ್ಡ ಸದ್ದಿನೊಂದಿಗೆ ಗಾಳಿ ಒಳಗೆ ನುಗ್ಗುತ್ತೆ. ಎಚ್ಚರ ಆದ ನೆನಪು ನನಗೆ ಒಂದಿಷ್ಟೂ ಇಲ್ಲ.

ಆ ವಿಡಿಯೋ ಯಾವ ರಕ್ತ ಪರೀಕ್ಷೆಗಿಂತಲೂ ಉಪಯೋಗಕ್ಕೆ ಬಂತು. ನೀವೂ ಮಾಡಿಸಿ. ಎರಡು ಮೂರು ನಿಮಿಷ ಸಾಕು. ಮುಖದ ಜೊತೆ ಎದೆ, ಹೊಟ್ಟೆ ಕಾಣುವ ಹಾಗೆ ಇರಲಿ.

ಮೊದಲು ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ ಹೋದೆ. ಮೂಗಿನ ಗೋಡೆ ಸ್ವಲ್ಪ ಸೊಟ್ಟ ಇದೆ, ಟಾನ್ಸಿಲ್ ದೊಡ್ಡದಿಲ್ಲ, ಆಪರೇಷನ್ ಮಾತು ಈಗ ಬೇಡ ಅಂತ ಹೇಳಿ ಶ್ವಾಸಕೋಶದ ವೈದ್ಯರಿಗೆ ಚೀಟಿ ಕೊಟ್ಟರು. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳು ಇರುವುದರಿಂದ ಈ ವಿಭಾಗಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯವರೂ ಸಾಲಿನಲ್ಲಿದ್ದರು. ಅರ್ಧ ದಿನ ರಜೆ ಹಾಕಿ ಹೋಗಿ.

ಅಲ್ಲಿ ಎಪ್‌ವರ್ತ್ ಅಂತ ಒಂದು ಪ್ರಶ್ನೆ ಪತ್ರಿಕೆ ಕೊಟ್ಟರು. ಎಂಟು ಪ್ರಶ್ನೆ. ಟಿವಿ ನೋಡುವಾಗ ನಿದ್ದೆ ಬರುತ್ತಾ, ಊಟ ಆದ ಮೇಲೆ ಸುಮ್ನೆ ಕೂತಾಗ ಬರುತ್ತಾ, ಟ್ರಾಫಿಕ್‌ನಲ್ಲಿ ಗಾಡಿ ನಿಂತಾಗ ಬರುತ್ತಾ, ಹೀಗೆ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 24. 10ಕ್ಕಿಂತ ಜಾಸ್ತಿ ಬಂದರೆ ಹಗಲು ನಿದ್ದೆ ಅತಿಯಾಗಿದೆ ಅಂತ ಲೆಕ್ಕ. ನನಗೆ 16. ಮಕ್ಕಳಿಗೆ ಅಂಕ ಕೊಡುವ ಕೈಗೆ ಈ ಅಂಕ ಬರೆಯಲು ಮನಸ್ಸಾಗಲಿಲ್ಲ. ಆದರೆ ಇಲ್ಲಿ ಮರ್ಯಾದೆ ನೋಡಿ ಕಡಿಮೆ ಬರೆದರೆ ನಷ್ಟ ನಮಗೇ.

ಡಾಕ್ಟರು ಟೇಪಿನಲ್ಲಿ ಕುತ್ತಿಗೆ ಸುತ್ತಳತೆ ತೆಗೆದರು. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು. "ನಿಮ್ಮ ಕೆಳದವಡೆ ಚಿಕ್ಕದು, ನಾಲಿಗೆಗೆ ಹಿಂದೆ ಜಾಗ ಕಮ್ಮಿ. ತೂಕ ಒಂದೇ ಕಾರಣ ಅಲ್ಲಮ್ಮ. ಸಣ್ಣಗಿರೋರಿಗೂ ಬರುತ್ತೆ" ಅಂದರು. ಆ ಒಂದು ಮಾತಿಗೆ ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಎಲ್ಲರೂ ನನ್ನ ಹೊಟ್ಟೆಯನ್ನೇ ನೋಡಿ ಮಾತಾಡಿದ್ದರು.

ಪರೀಕ್ಷೆ ಎರಡು ತರಹ. ಮನೆಗೆ ಒಂದು ಪೆಟ್ಟಿಗೆ ಕೊಡುತ್ತಾರೆ, ಬೆರಳಿಗೆ, ಮೂಗಿಗೆ, ಎದೆಗೆ ಕಟ್ಟಿಕೊಂಡು ಮಲಗೋದು. ಖರ್ಚು ಕಡಿಮೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಮೆದುಳಿನ ತರಂಗ ನೋಡಲ್ಲ, ಹಾಗಾಗಿ ನೀವು ನಿಜವಾಗಿ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಅಂತ ಗೊತ್ತಾಗಲ್ಲ, ತೊಂದರೆ ಇರುವುದಕ್ಕಿಂತ ಕಡಿಮೆ ಕಾಣಬಹುದು. ಇನ್ನೊಂದು ಆಸ್ಪತ್ರೆಯಲ್ಲೇ ರಾತ್ರಿ ಮಲಗುವ ಪೂರ್ಣ ಪರೀಕ್ಷೆ, ಪಾಲಿಸೋಮ್ನೋಗ್ರಫಿ. ನನಗೆ ಬಿಪಿ ಇದ್ದದ್ದರಿಂದ, ನಿದ್ದೆ ಬೇರೆ ಪದೇ ಪದೇ ಹರಿಯುತ್ತಿದ್ದದ್ದರಿಂದ ಎರಡನೆಯದೇ ಆಗಲಿ ಅಂದರು. 9,500 ರೂಪಾಯಿ.

ದಿನಾಂಕ ಸಿಗೋದೇ ದೊಡ್ಡ ಕಥೆ. ಇರೋದು ಒಂದೇ ಹಾಸಿಗೆ, ಒಬ್ಬರೇ ಟೆಕ್ನಿಷಿಯನ್. ಅವರ ಮನೆಯಲ್ಲಿ ಮದುವೆ, ನನ್ನ ಸರದಿ ಮುಂದಕ್ಕೆ. ಆಮೇಲೆ ಹಬ್ಬ, ಮತ್ತೆ ಮುಂದಕ್ಕೆ. ಫೋನ್ ಮಾಡಿದರೆ "ನಾಳೆ ಕೇಳಿ ಮೇಡಂ". ಇನ್ನೊಂದು ಮುಜುಗರ: ರಾತ್ರಿ ಪೂರ್ತಿ ಕ್ಯಾಮೆರಾ ಇರುತ್ತೆ, ತಂತಿ ಅಂಟಿಸುವವರು ಗಂಡಸು. ನಾನು ಮುಂಚೆಯೇ ಕೇಳಿಕೊಂಡೆ. ಎದೆಯ ತಂತಿಗಳನ್ನು ನರ್ಸ್ ಅಂಟಿಸಿದರು, ಮಗಳನ್ನು ಪಕ್ಕದ ರೂಮಿನಲ್ಲಿ ಇರಲು ಬಿಟ್ಟರು. ಕೇಳದಿದ್ದರೆ ಯಾರೂ ತಾವಾಗಿ ಹೇಳಲ್ಲ. ದಿನಾಂಕ ಬರೆಸುವಾಗಲೇ ಕೇಳಿ.

ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಬರೀ ಶಾಂಪೂ ಹಾಕಿ ಒಣಗಿಸಿಕೊಂಡು ಹೋಗಿ. ಎಣ್ಣೆ ಇದ್ದರೆ ತಂತಿ ಹಿಡಿಯಲ್ಲ. ಉಗುರುಬಣ್ಣ ತೆಗೆಯಿರಿ, ಬೆರಳಿನ ಆಮ್ಲಜನಕ ಅಳೆಯುವ ಕ್ಲಿಪ್ಪಿಗೆ ಅಡ್ಡಿ. ಮಧ್ಯಾಹ್ನದ ಮೇಲೆ ಕಾಫಿ ಟೀ ಬೇಡ. ಮುಂದೆ ಗುಂಡಿ ಇರುವ ನೈಟ್ ಡ್ರೆಸ್ ಒಳ್ಳೆಯದು. ನಿಮ್ಮದೇ ದಿಂಬು ಒಯ್ಯಿರಿ, ಆಸ್ಪತ್ರೆ ದಿಂಬು ಕಲ್ಲು.

ತಲೆ, ಕಣ್ಣಿನ ಪಕ್ಕ, ಗದ್ದ, ಎದೆ, ಕಾಲು ಎಲ್ಲ ಕಡೆ ತಂತಿ. ಮೂಗಿನ ಕೆಳಗೆ ಒಂದು ಸಣ್ಣ ಕೊಳವೆ. ಎದೆ ಹೊಟ್ಟೆಗೆ ಒಂದೊಂದು ಬೆಲ್ಟು. ಎಲ್ಲ ತಂತಿಯನ್ನೂ ಜಡೆಯ ಹಾಗೆ ಸೇರಿಸಿ ಹಿಂದೆ ಕಟ್ಟಿದರು. ಇದರಲ್ಲಿ ಯಾರಿಗೆ ನಿದ್ದೆ ಬರುತ್ತೆ ಅಂದುಕೊಂಡೆ. ಬಂತು. ಬೆಳಗ್ಗೆ ಕೂದಲಿಂದ ಆ ಅಂಟು ತೆಗೆಯೋದೇ ನಿಜವಾದ ಕೆಲಸ. ಬಿಸಿನೀರು ಬೇಕೇ ಬೇಕು.

ರಿಪೋರ್ಟ್ ಬರಲು ವಾರಕ್ಕಿಂತ ಜಾಸ್ತಿ ಹಿಡಿಯಿತು. ಅದರಲ್ಲಿ ಮುಖ್ಯವಾಗಿ ನೋಡೋದು ಎಎಚ್‌ಐ ಅನ್ನೋ ಅಂಕಿ. ಗಂಟೆಗೆ ಎಷ್ಟು ಸಲ ಉಸಿರು ಪೂರ್ತಿ ನಿಂತಿತು ಅಥವಾ ಸಾಕಷ್ಟು ಕಡಿಮೆಯಾಯಿತು ಅನ್ನೋದರ ಲೆಕ್ಕ. ಕನಿಷ್ಠ 10 ಸೆಕೆಂಡ್ ಆದರೆ ಒಂದು ಅಂತ ಎಣಿಸುತ್ತಾರೆ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನನ್ನದು 34. ರಕ್ತದ ಆಮ್ಲಜನಕ ಒಂದು ಹೊತ್ತಿನಲ್ಲಿ 78%ಗೆ ಇಳಿದಿತ್ತು. ರಿಪೋರ್ಟಿನ ಸಾರಾಂಶದ ಒಂದು ಹಾಳೆ ಕೊಟ್ಟು ಕಳಿಸುತ್ತಾರೆ, ಗ್ರಾಫ್ ಇರುವ ಪೂರ್ತಿ ಪ್ರತಿಯನ್ನೂ ಕೇಳಿ ಇಸಿದುಕೊಳ್ಳಿ. ಮುಂದೆ ಬೇರೆ ಡಾಕ್ಟರಿಗೆ ತೋರಿಸುವಾಗ ಬೇಕಾಗುತ್ತೆ.

"ಮತ್ತೆ ನಾನು ಓಡೋಕೆ ಆಗದೇ ಇರೋದಕ್ಕೂ ಇದಕ್ಕೂ ಏನು ಸಂಬಂಧ ಸರ್?" ಅಂತ ಕೇಳಿದೆ. ಅವರು ಹೇಳಿದ್ದು ಹೀಗೆ. ಉಸಿರು ಕಟ್ಟಿದಾಗಲೆಲ್ಲ ಮೆದುಳು ಗಾಬರಿಯಾಗಿ ದೇಹವನ್ನು ಎಬ್ಬಿಸುತ್ತೆ. ನಮಗೆ ಗೊತ್ತಾಗಲ್ಲ, ಹೃದಯಕ್ಕೆ ಗೊತ್ತಾಗುತ್ತೆ. ಬಡಿತ, ಬಿಪಿ ಎರಡೂ ಏರುತ್ತವೆ. ಗಾಢ ನಿದ್ದೆಯಲ್ಲಿ ನಡೆಯಬೇಕಾದ ಸ್ನಾಯುಗಳ ರಿಪೇರಿ ನಡೆಯಲ್ಲ. ಹಸಿವು, ಹೊಟ್ಟೆ ತುಂಬಿತು ಅನ್ನೋ ಸೂಚನೆಗಳು ಏರುಪೇರಾಗಿ ಸಿಹಿ, ಕರಿದದ್ದರ ಮೇಲೆ ಆಸೆ ಜಾಸ್ತಿ. ರಾತ್ರಿ ಬಚ್ಚಲಿಗೆ ಏಳೋದಕ್ಕೂ ಇದೇ ಕಾರಣ: ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಬದಲಾಗಿ, ರಕ್ತ ಜಾಸ್ತಿಯಾಯಿತು ಅಂತ ಹೃದಯ ತಪ್ಪು ತಿಳಿದು, ನೀರು ಹೊರಹಾಕು ಅಂತ ಮೂತ್ರಪಿಂಡಕ್ಕೆ ಹಾರ್ಮೋನ್ ಕಳಿಸುತ್ತೆ. "ರಾತ್ರಿಯೆಲ್ಲ ಓಟ ಓಡಿ ಬೆಳಗ್ಗೆ ಮೈದಾನಕ್ಕೆ ಬರ್ತಿದ್ರಿ ನೀವು" ಅಂದರು.

ಮದ್ದು ಸಿಪ್ಯಾಪ್ ಮೆಷೀನ್. ನಮ್ಮ ಮನೆಯವರು ಅದನ್ನು ಆಕ್ಸಿಜನ್ ಅಂದುಕೊಂಡು ಹೆದರಿದ್ದರು. ಅಲ್ಲ. ರೂಮಿನ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಮೂಗಿಗೆ ಕೊಟ್ಟು ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೇ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅನ್ನೋ ವೈದ್ಯರು ಇದನ್ನು ಮೊದಲು ಪ್ರಕಟಿಸಿದ್ದು. ಅಂದರೆ ನಾನು ಪ್ರೈಮರಿ ಸ್ಕೂಲಿಗೆ ಸೇರೋ ಮುಂಚೆಯೇ ಇದ್ದ ಚಿಕಿತ್ಸೆ.

ಮೆಷೀನ್ ಕೊಳ್ಳುವಾಗ ತಲೆ ಕೆಟ್ಟಿತು. ಪರಿಚಯದವರೊಬ್ಬರು ಹಳೇ ಫಿಲಿಪ್ಸ್ ಡ್ರೀಮ್‌ಸ್ಟೇಷನ್ ಅರ್ಧ ಬೆಲೆಗೆ ಕೊಡ್ತೀನಿ ಅಂದರು. 2021ರ ಜೂನ್‌ನಲ್ಲಿ ಒಳಗಿನ ಫೋಮ್ ಪುಡಿಯಾಗಬಹುದು ಅಂತ ಕಂಪನಿಯೇ ಆ ತಲೆಮಾರಿನ ಮೆಷೀನುಗಳನ್ನು ವಾಪಸ್ ಕರೆದಿತ್ತು. ಹಳೆಯದು ಕೊಳ್ಳುವವರು ಮಾಡೆಲ್, ಸೀರಿಯಲ್ ನಂಬರ್ ನೋಡದೆ ದುಡ್ಡು ಕೊಡಬೇಡಿ. ನಾನು ಹೊಸದೇ ತಗೊಂಡೆ. ಮೊದಲು ಬಾಡಿಗೆಗೆ ಒಂದು ತಿಂಗಳು, 4,000 ರೂಪಾಯಿ. ಆಮೇಲೆ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಮಾಡೆಲ್, ಮಾಸ್ಕ್ ಸೇರಿ 49,000, ಕಂತಿನಲ್ಲಿ. ಬಾಡಿಗೆ ದುಡ್ಡು ದಂಡ ಅಂತ ಹಲವರು ಅಂದರು. ನನಗೆ ಹಾಗನ್ನಿಸಲಿಲ್ಲ. ಒಗ್ಗದೇ ಇದ್ದರೆ ಮೂಲೆ ಸೇರೋದು ಅರ್ಧ ಲಕ್ಷ ಅಲ್ವಾ?

ತಂದುಕೊಟ್ಟ ಅಂಗಡಿಯವರು ಪ್ಲಗ್ ಹಾಕಿ, ಮಾಸ್ಕ್ ತೊಡಿಸಿ, ಫೋಟೋ ತೆಗೆದುಕೊಂಡು ಹೋದರು. ಒತ್ತಡವನ್ನು ಫ್ಯಾಕ್ಟರಿಯಲ್ಲಿ ಇಟ್ಟ 4ರಿಂದ 20ರಲ್ಲೇ ಬಿಟ್ಟಿದ್ದರು. ಡಾಕ್ಟರು ಚೀಟಿಯಲ್ಲಿ 7ರಿಂದ 13 ಅಂತ ಬರೆದಿದ್ದರು. ಮೊದಲ ರಾತ್ರಿಗಳಲ್ಲಿ ಮಲಗುವಾಗ ಗಾಳಿ ಸಾಲದು, ನಡುರಾತ್ರಿ ಮುಖಕ್ಕೆ ಬಿರುಗಾಳಿ. ಹೊಟ್ಟೆಗೆ ಗಾಳಿ ತುಂಬಿ ಬೆಳಗ್ಗೆಯೆಲ್ಲ ತೇಗು. ಚೀಟಿಯನ್ನು ಕೈಯಲ್ಲಿ ಹಿಡಿದು, ಮೆಷೀನ್ ಪರದೆಯಲ್ಲಿ ಆ ಅಂಕಿ ಕಾಣೋವರೆಗೂ ಅವರನ್ನು ಬಿಡಬೇಡಿ.

ಆಮೇಲಿನ ತೊಡಕು ನನ್ನ ಮೂಗುಬೊಟ್ಟು. ಹಗುರ ಇರಲಿ ಅಂತ ಮೂಗಿನ ಹೊಳ್ಳೆಗೆ ಕೂರುವ ಚಿಕ್ಕ ಮಾಸ್ಕ್ ಆರಿಸಿದ್ದೆ. ಮೂಗುಬೊಟ್ಟಿನ ತಿರುಪು ಒಳಗಿಂದ ಆ ಸಿಲಿಕಾನ್‌ಗೆ ಒತ್ತಿ ಹೊಳ್ಳೆ ಹುಣ್ಣಾಯಿತು, ಸಂದಿಯಲ್ಲಿ ಗಾಳಿ ಸುಯ್ ಅಂತ ಸೋರುತ್ತಿತ್ತು. ರಾತ್ರಿ ಬಿಚ್ಚಿಡೋಣ ಅಂದರೆ ಅತ್ತೆ ಒಪ್ಪಲಿಲ್ಲ. "ಮುತ್ತೈದೆ ಬರೀ ಮೂಗಲ್ಲಿ ಮಲಗ್ತಾಳಾ?" ಅಂತ. ಈ ಜಗಳ ಆಡೋ ಶಕ್ತಿ ನನಗಿರಲಿಲ್ಲ. ಪೂರ್ತಿ ಮೂಗು ಮುಚ್ಚುವ ಮಾಸ್ಕ್‌ಗೆ ಬದಲಾಯಿಸಿದೆ. ಮೂಗುಬೊಟ್ಟು ಒಳಗೇ ಉಳಿಯುತ್ತೆ, ಎಲ್ಲರಿಗೂ ಸಮಾಧಾನ. ಎರಡನೇ ಮಾಸ್ಕ್‌ಗೆ ಮತ್ತೆ 5,800 ರೂಪಾಯಿ ಹೋಯಿತು. ಕೊಳ್ಳುವ ಮುಂಚೆ ಎರಡು ಮೂರು ನಮೂನೆ ಹಾಕಿಸಿಕೊಂಡು, ಗಾಳಿ ಬಿಡಿಸಿ, ಮಗ್ಗುಲಾಗಿ ಮಲಗಿ ನೋಡಿ. ಕೂತು ನೋಡಿದರೆ ಎಲ್ಲ ಮಾಸ್ಕೂ ಚೆನ್ನಾಗೇ ಇರುತ್ತೆ. ತುರುಬು ಹಾಕಿಕೊಂಡರೆ ಪಟ್ಟಿ ಜಾರುತ್ತೆ, ಜಡೆ ಕೆಳಗೆ ಸಡಿಲಾಗಿ ಹೆಣೆದುಕೊಳ್ಳಿ.

ಗಾಳಿ ತೇವವಾಗಿರಲಿ ಅಂತ ಮೆಷೀನಿಗೆ ಇರುವ ನೀರಿನ ಡಬ್ಬಿಗೆ ಡಿಸ್ಟಿಲ್ಡ್ ನೀರು ಹಾಕಬೇಕು, ಕೊಳಾಯಿ ನೀರು ಹಾಕಿದರೆ ಬಿಳಿ ಪೊರೆ ಕಟ್ಟುತ್ತೆ. ಕರೆಂಟ್ ಹೋದರೆ ಮೆಷೀನ್ ನಿಲ್ಲುತ್ತೆ. ಮಾಸ್ಕ್‌ನಲ್ಲಿ ತೂತುಗಳಿರುವುದರಿಂದ ಉಸಿರು ಕಟ್ಟಲ್ಲ, ಆದರೆ ಎಚ್ಚರ ಆಗಿಬಿಡುತ್ತೆ. ಮನೆ ಇನ್ವರ್ಟರ್‌ಗೆ ಲೈನ್ ಎಳೆಸಿದೆವು. ಕರೆಂಟ್ ಹೋದ ರಾತ್ರಿ ನೀರು ಬಿಸಿ ಮಾಡುವ ಭಾಗ ಆಫ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತೆ.

ಇನ್ಶೂರೆನ್ಸ್ ಕಥೆ ಚಿಕ್ಕದು. ಪರೀಕ್ಷೆಗೆ ಒಂದು ರಾತ್ರಿ ಮಾತ್ರ ಮಲಗಿದ್ದು, 24 ಗಂಟೆ ಆಗಿಲ್ಲ ಅಂದರು. ಮೆಷೀನ್ ಪಾಲಿಸಿಯ ಕೊಡಬಾರದ ಪಟ್ಟಿಯಲ್ಲಿದೆ ಅಂದರು. ನನ್ನ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ನಿಮ್ಮ ಪಾಲಿಸಿಯ ಆ ಪುಟ ಮೊದಲೇ ಓದಿಕೊಂಡರೆ ಆಮೇಲೆ ಹೊಟ್ಟೆ ಉರಿಯಲ್ಲ.

ಈ ನಡುವೆ ಸಲಹೆಗಳಿಗೆ ಬರ ಇರಲಿಲ್ಲ. ಮೈದುನ ಒಂದು ವಾಟ್ಸಾಪ್ ಕಳಿಸಿದ: ಶಂಖ ಊದಿದರೆ ಆಪ್ನಿಯಾ ಮಾಯ. ಸುಳ್ಳೇ ಇರಬೇಕು ಅಂದುಕೊಂಡು ಡಾಕ್ಟರಿಗೆ ತೋರಿಸಿದೆ. ಜೈಪುರದಲ್ಲಿ 30 ಜನರ ಮೇಲೆ ನಿಜವಾಗಿಯೂ ಅಧ್ಯಯನ ಆಗಿದೆ, 2025ರಲ್ಲಿ ಬಂದಿದೆ, ಗಂಟಲಿನ ಸ್ನಾಯು ಗಟ್ಟಿಯಾಗಿ ಸ್ವಲ್ಪ ಅನುಕೂಲ ಕಂಡಿದೆ, ಆದರೆ ಎಎಚ್‌ಐ 34 ಇರುವ ನಿಮಗೆ ಮೆಷೀನ್ ಬಿಟ್ಟು ಶಂಖ ಹಿಡಿಯೋ ಮಾತಿಲ್ಲ ಅಂದರು. "ಮನೇಲಿ ದಾಸಯ್ಯ ಬೇರೆ ಬೇಕಾಗಿತ್ತಾ" ಅಂತ ಅತ್ತೆ ನಕ್ಕರು. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಕೇಳಿದೆ. ಟಿರ್ಜೆಪಟೈಡ್ ಔಷಧಿಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸ್ಲೀಪ್ ಆಪ್ನಿಯಾಕ್ಕೂ ಒಪ್ಪಿಗೆ ಸಿಕ್ಕಿದೆ, ಅದು ಬೊಜ್ಜು ಇದ್ದು ಆಪ್ನಿಯಾ ಮಧ್ಯಮ ಅಥವಾ ತೀವ್ರ ಇರುವವರಿಗೆ. ನನ್ನ ತೂಕಕ್ಕೆ ಬೇಡ ಅಂದರು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಫಿಟ್‌ನೆಸ್ ವಾಪಸ್ ಬಂತಾ? ಬಂತು, ಆದರೆ ನಾನಂದುಕೊಂಡ ಕ್ರಮದಲ್ಲಿ ಅಲ್ಲ. ಮೊದಲು ಹೋದದ್ದು ಬೆಳಗಿನ ತಲೆನೋವು, ಬಚ್ಚಲಿಗೆ ಏಳೋದು. ಕೆಲವೇ ದಿನಗಳಲ್ಲಿ. ಮಧ್ಯಾಹ್ನದ ತೂಕಡಿಕೆ ನಿಧಾನಕ್ಕೆ ಹೋಯಿತು. ಕಾಲಿನ ಶಕ್ತಿ ಬರಲು ತಿಂಗಳುಗಳೇ ಬೇಕಾದವು. ತೂಕ? ಮೊದಲು ಇಳಿಯಲೇ ಇಲ್ಲ. ಮೆಷೀನ್ ಹಾಕಿದ ಕೂಡಲೇ ಸಣ್ಣ ಆಗ್ತೀನಿ ಅಂದುಕೊಳ್ಳಬೇಡಿ. ಕೆಲವರಿಗೆ ಸ್ವಲ್ಪ ಏರುವುದೂ ಉಂಟಂತೆ. ಮೆಷೀನ್ ಕೊಡೋದು ವ್ಯಾಯಾಮ ಮಾಡುವ ತ್ರಾಣ, ಮಾಡಬೇಕಾದವರು ನಾವೇ. ವ್ಯಾಯಾಮದಿಂದ ತೂಕ ಇಳಿಯದಿದ್ದರೂ ಎಎಚ್‌ಐ ಸ್ವಲ್ಪ ಇಳಿಯುತ್ತೆ ಅಂತ ಅಧ್ಯಯನಗಳು ಹೇಳುತ್ತವೆ. ತೂಕ ಇಳಿದರೆ ಇನ್ನೂ ಒಳ್ಳೆಯದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜನರನ್ನು ವರ್ಷಗಟ್ಟಲೆ ನೋಡಿ 2000ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ತೂಕ 10% ಇಳಿದವರಿಗೆ ಎಎಚ್‌ಐ ಸುಮಾರು 26% ಇಳಿದಿತ್ತು.

ನಾನು ಜಿಮ್ ಬಿಟ್ಟು ನಡಿಗೆಯಿಂದ ಶುರು ಮಾಡಿದೆ. ಕುಂದವಾಡ ಕೆರೆಯಲ್ಲಿ ಮಾತಾಡುತ್ತಾ ನಡೆಯುವಷ್ಟು ವೇಗ, ಮೇಲುಸಿರು ಬಂದರೆ ನಿಧಾನ. ಆಮೇಲೆ ನಡುನಡುವೆ ಸ್ವಲ್ಪ ಓಟ. ತೂಕ ಎತ್ತುವ ವ್ಯಾಯಾಮ ವಾರಕ್ಕೆ ಎರಡು ದಿನ. ಮೊದಲು 84 ಇರುತ್ತಿದ್ದ ವಿಶ್ರಾಂತಿಯ ನಾಡಿ ಬಡಿತ ಈಗ 70ರ ಆಸುಪಾಸು. ಬಿಪಿ ಮಾತ್ರೆ ಅರ್ಧ ಆಗಿದೆ, ಡಾಕ್ಟರು ಹೇಳಿ ಮಾಡಿಸಿದ್ದು, ನಾನಾಗಿ ನಿಲ್ಲಿಸಿದ್ದಲ್ಲ. ಬೆಣ್ಣೆದೋಸೆ ಭಾನುವಾರ ಬೆಳಗ್ಗೆ ವಾಪಸ್ ಬಂದಿದೆ. ರಾತ್ರಿ ಊಟ ಮಾತ್ರ ಬೇಗ. ಚಿತ್ರದುರ್ಗದ ಕೋಟೆಯನ್ನು ಮಳೆಗಾಲ ಮುಗಿದ ಮೇಲೆ ಮತ್ತೆ ಹತ್ತಿದೆ. ಏಕನಾಥೇಶ್ವರಿವರೆಗೆ ಕೂರದೆ ಹೋದೆ. ತುಪ್ಪದ ಕೊಳದ ಬಂಡೆಗೆ ಕಾಲು ನಡುಗಿತು, ಬಿಟ್ಟೆ.

ಮುಂದಿನ ತಿಂಗಳು ಮಕ್ಕಳನ್ನು ಕೊಕ್ಕೊ ಪಂದ್ಯಕ್ಕೆ ಕರಕೊಂಡು ಊರಾಚೆ ಉಳಿಯಬೇಕು. ಮೆಷೀನ್ ಜೊತೆ ಪ್ರಯಾಣ ಮಾಡುವವರು ಡಬ್ಬಿಯ ನೀರು ಚೆಲ್ಲಿ ಒರೆಸಿಯೇ ಬ್ಯಾಗಿಗೆ ಹಾಕಿ, ನೀರು ಮೆಷೀನ್ ಒಳಗೆ ಹೋದರೆ ಕೆಡುತ್ತೆ. ಬಸ್ಸಿನ ಡಿಕ್ಕಿಗೆ ಕೊಡದೆ ತೊಡೆ ಮೇಲಿಟ್ಟುಕೊಳ್ಳಿ. ಡಾಕ್ಟರ ಚೀಟಿಯ ಜೆರಾಕ್ಸ್ ಒಂದು ಬ್ಯಾಗಿನಲ್ಲೇ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಮರೆಯಬೇಡಿ, ಛತ್ರದಲ್ಲಾಗಲಿ ಹಾಸ್ಟೆಲಿನಲ್ಲಾಗಲಿ ಪ್ಲಗ್ ಇರೋದು ಬಾಗಿಲ ಹತ್ತಿರವೇ.